ಆಡದ ಆಟದ ನಲವತ್ತನಾಲ್ಕು ಅಂಕ

ಮಾರ್ಲಿಸ್ ಹೌಗನ್‌ಗೆ ಈ ದೇಶದಲ್ಲಿ ಯಾರನ್ನು ಕಂಡರೂ ಇಲ್ಲದಷ್ಟು ತಾತ್ಸಾರ ಓಟು ಹಾಕುವವರನ್ನು ಕಂಡರೆ ಇತ್ತು. ಸರ್ಕಾರ ಆರಿಸುವ ಓಟಲ್ಲ. ಪ್ರತಿ ಮಾರ್ಚ್ ತಿಂಗಳಲ್ಲಿ ದೇಶದ ಕಾಲೇಜು ಬಾಸ್ಕೆಟ್‌ಬಾಲಿನ ಅತ್ಯುತ್ತಮ ಐದು ಹುಡುಗಿಯರನ್ನು ಆರಿಸಿ 'ಆಲ್ ಅಮೆರಿಕನ್' ಎಂದು ಪಟ್ಟ ಕಟ್ಟುತ್ತಾರಲ್ಲ, ಆ ಪತ್ರಕರ್ತರ ಓಟು.

ಅವರಲ್ಲಿ ಹೆಚ್ಚಿನವರು ಪೂರ್ವ ತೀರದ ದೊಡ್ಡ ಊರುಗಳವರು. ಅವರ ಗಡಿಯಾರ ನಮ್ಮದಕ್ಕಿಂತ ಮುಂದೆ; ನಮ್ಮ ದಕ್ಷಿಣ ಡಕೋಟದಲ್ಲಿ ಆಟ ಬಿಸಿಯೇರುವ ಹೊತ್ತಿಗೆ ಅವರು ಊಟ ಮುಗಿಸಿ ಕಾಲು ಚಾಚಿ ಆಕಳಿಸುತ್ತಿರುತ್ತಾರೆ. ಆಟ ನೋಡುವುದಿಲ್ಲ. ನೋಡಿದವರು ಬರೆದದ್ದನ್ನು ಓದುವುದೂ ಇಲ್ಲ. ಒಬ್ಬ ಒಂದು ಹೆಸರು ಬರೆಯುತ್ತಾನೆ, ಅದನ್ನು ನೋಡಿ ಇನ್ನೊಬ್ಬ, ಅವನನ್ನು ನೋಡಿ ಮತ್ತೊಬ್ಬ. ಹೋಟೆಲಿನಲ್ಲಿ ಪಕ್ಕದ ಮೇಜಿನ ತಟ್ಟೆ ನೋಡಿ 'ನನಗೂ ಅದನ್ನೇ ಕೊಡಿ' ಎನ್ನುತ್ತಾರಲ್ಲ, ಆ ಜಾತಿ. ಆಮೇಲೆ ಟಿ.ವಿ.ಯಲ್ಲಿ ಕೂತು ತಾವೇ ಆ ಹುಡುಗಿಯನ್ನು ಹೆತ್ತವರ ಹಾಗೆ ಮಾತಾಡುತ್ತಾರೆ.

ಕಾಟನ್‌ವುಡ್ ಕಾಲೇಜಿನ ಕ್ರೀಡಾ ಪ್ರಚಾರದ ಕೆಲಸ ಮಾರ್ಲಿಸಳದು. ಜಿಮ್ಮಿನ ಕೆಳಗೆ ಬಾಯ್ಲರ್ ಕೋಣೆಯ ಪಕ್ಕದಲ್ಲಿ ಅವಳ ಆಫೀಸು. ಹೊರಗೆ ಹಿಮ ಬೀಳುವಾಗಲೂ ಅಲ್ಲಿ ಬೆವರು ಹರಿಯುತ್ತಿತ್ತು. ಪ್ರತಿ ಆಟದ ವರದಿ ಬರೆದು ದೇಶದ ಓಟುದಾರರಿಗೆಲ್ಲ ಈಮೇಲ್ ಕಳಿಸುವುದು ಅವಳ ಕೆಲಸ. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಓದಿದ ಗುರುತು ಸಿಕ್ಕಿರಲಿಲ್ಲ. ದೊಡ್ಡ ಕಾಲೇಜುಗಳವರು ವರದಿ ಗಿರದಿ ಎಂದು ಕೂರುವುದಿಲ್ಲ. ತಮ್ಮ ಆಟಗಾರ್ತಿಯ ಮುಖದ ತಲೆಯಾಡಿಸುವ ಗೊಂಬೆ ಮಾಡಿಸಿ ಓಟುದಾರರ ಮನೆಗೆ ಕಳಿಸುತ್ತಾರೆ. ಒಂದು ವರ್ಷ ದಕ್ಷಿಣದ ಒಂದು ಕಾಲೇಜು ಎಲ್ಲರಿಗೂ ಹೊಗೆಯಲ್ಲಿ ಬೇಯಿಸಿದ ಹಂದಿ ತೊಡೆ ಕಳಿಸಿತ್ತು. ಆ ವರ್ಷ ಆ ಕಾಲೇಜಿನ ಹುಡುಗಿ ಮೊದಲ ಐವರಲ್ಲಿ ಇದ್ದಳು. "ಓಟು ಬಿದ್ದಿದ್ದು ಹಂದಿಗೆ. ಹುಡುಗಿ ಅದರ ಬೆನ್ನ ಮೇಲೆ ಕೂತು ಹೋದ್ಲು ಅಷ್ಟೆ," ಎಂದು ಮಾರ್ಲಿಸ್ ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗಿದ್ದಳು.

ಕಾಟನ್‌ವುಡ್ ಜಿಮ್ಮಿನ ಛಾವಣಿಗೆ ಒಂದು ನಿಯಮವಿತ್ತು. ಆಲ್ ಅಮೆರಿಕನ್ ಮೊದಲ ಐವರಲ್ಲಿ ಒಬ್ಬಳಾದರೆ ಮಾತ್ರ ಆ ಆಟಗಾರ್ತಿಯ ಅಂಗಿಯನ್ನು ತೊಲೆಗೆ ತೂಗುಹಾಕಬೇಕು. ಕಾಲೇಜು ಶುರುವಾದಾಗಿನಿಂದ ತೊಲೆ ಬರಿದಾಗಿಯೇ ಇತ್ತು. ಪಾರಿವಾಳ ಕೂರುತ್ತಿದ್ದವು.

ರೇಲಿನ್ ಬೇರ್‌ಶೀಲ್ಡ್ ಮೊದಲ ವರ್ಷ ಬಂದಾಗ ಅಭ್ಯಾಸ ಮುಗಿಸಿ ಜಿಮ್ಮಿನ ಆಟದಂಗಳದ ನಡುವೆ ಮಲಗಿಕೊಂಡು ಆ ತೊಲೆಯನ್ನೇ ನೋಡುತ್ತಿದ್ದಳು. ಪಶ್ಚಿಮದಲ್ಲಿ ಲಕೋಟ ಎಂಬ ಮೂಲನಿವಾಸಿ ಜನರ ಸೀಮೆಯಿಂದ ಬಂದ ಹುಡುಗಿ. ಎತ್ತರ ಇಲ್ಲ, ಮಾತು ಕಡಿಮೆ, ಎಡಗೈ. ಎದುರಾಳಿ ಚೆಂಡನ್ನು ನೆಲಕ್ಕೆ ಕುಟ್ಟಿ ಮತ್ತೆ ಕೈ ಚಾಚುವಷ್ಟರಲ್ಲಿ ಚೆಂಡು ಇವಳ ಕೈಯಲ್ಲಿ ಇರುತ್ತಿತ್ತು.

"ಮೇಲೆ ಯಾಕೆ ಆಂಟಿ ಏನೂ ಇಲ್ಲ?" ಎಂದು ಮಾರ್ಲಿಸಳನ್ನು ಕೇಳಿದ್ದಳು.

"ಅಲ್ಲಿಗೆ ಹೋಗೋಕೆ ಆಲ್ ಅಮೆರಿಕನ್ ಆಗ್ಬೇಕು."

"ಯಾರು ಮಾಡ್ತಾರೆ?"

"ನಿನ್ನ ಆಟ ನೋಡ್ದೇ ಇರೋರು."

ಹುಡುಗಿ ನಕ್ಕಿದ್ದಳು. "ಹಾಗಾದ್ರೆ ಸುಲಭ ಬಿಡಿ. ನೋಡಿದ್ರೆ ತಾನೆ ತಪ್ಪು ಹುಡುಕೋದು."

ಈಗ ಅವಳಿಗೆ ನಾಲ್ಕನೆಯ ವರ್ಷ, ಕೊನೆಯದು. ದೇಶದಲ್ಲಿ ಅವಳಷ್ಟು ಚೆಂಡು ಕಸಿದವರು ಯಾರೂ ಇರಲಿಲ್ಲ. ಅವಳ ಅಜ್ಜಿ ಡೆಲ್ಫಿನ್, ಹೀಟರ್ ಕೆಟ್ಟ ಪಿಕಪ್ ಗಾಡಿಯಲ್ಲಿ ಮಡಿಲಿಗೆ ಕಂಬಳಿ ಹೊದ್ದುಕೊಂಡು ಅರ್ಧ ದಿನ ಓಡಿಸಿ ಈ ಜಿಮ್ಮಿನ ಪ್ರತಿ ಆಟಕ್ಕೂ ಬರುತ್ತಿದ್ದಳು. ಬಂದು ಮೂರನೆಯ ಸಾಲಿನಲ್ಲಿ ಕೂತು ರೆಫರಿಗಳ ಜನ್ಮ ಜಾಲಾಡುತ್ತಿದ್ದಳು. ಮೊಮ್ಮಗಳ ಅಂಗಿ ಮೇಲೇರುವ ದಿನ ಅವಳ ಹೆಗಲಿಗೆ ಹೊದಿಸುತ್ತೇನೆ ಎಂದು ಮನೆಯಲ್ಲಿ ನಕ್ಷತ್ರದ ಕೌದಿಯೊಂದನ್ನು ಹೊಲಿಯುತ್ತಿದ್ದಳು. ಅವರ ಜನ ಯಾರನ್ನಾದರೂ ನಿಜವಾಗಿ ಮೆಚ್ಚಿದರೆ ಕೊಡುವುದು ಅದನ್ನೇ.

ಜನವರಿ ಕೊನೆಯಲ್ಲಿ ತಂಡ ಉತ್ತರ ಡಕೋಟಕ್ಕೆ ಬಸ್ಸಿನಲ್ಲಿ ಹೊರಟಿತು. ಮಾರ್ಲಿಸ್ ಮುಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ತೆರೆದು ವರದಿ ಬರೆಯುತ್ತಿದ್ದಳು. ಆಟ ಇನ್ನೂ ಶುರುವಾಗಿರಲಿಲ್ಲ ನಿಜ. ಆದರೆ ಪ್ರಚಾರದ ಕೆಲಸದವರೆಲ್ಲ ಹಾಗೆಯೇ ಮಾಡುವುದು. ವರದಿಯ ಮೈಯನ್ನು ಮೊದಲೇ ಬರೆದು, ಅಂಕಿಗಳ ಜಾಗದಲ್ಲಿ ಬಾಯಿಗೆ ಬಂದ ಸುಳ್ಳು ಅಂಕಿ ತುಂಬಿ ಇಡುತ್ತಾರೆ. ಆಟ ನಡೆಯುತ್ತಿದ್ದಂತೆ ಒಂದೊಂದನ್ನೇ ತಿದ್ದುತ್ತಾರೆ. ಸಣ್ಣ ಊರಿನ ಜಿಮ್ಮುಗಳಲ್ಲಿ ಇಂಟರ್ನೆಟ್ ಕೈಕೊಡುತ್ತದೆಂದು ಮಾರ್ಲಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಳು. ವರದಿಯನ್ನು ಕಾಲೇಜಿನ ಕಂಪ್ಯೂಟರಿಗೆ ಏರಿಸಿ, ಆಟ ಮುಗಿಯುವ ವೇಳೆಗೆ ತಾನಾಗಿಯೇ ಎಲ್ಲರಿಗೂ ಹೋಗುವಂತೆ ಕಟ್ಟಿಟ್ಟಿದ್ದಳು. ತಿದ್ದಲು ಮರೆಯಬಾರದೆಂದು ಕಣ್ಣಿಗೆ ಚುಚ್ಚುವಂಥ ಅಂಕಿಗಳನ್ನೇ ಹಾಕುವುದು ಅವಳ ರೂಢಿ. ಅವತ್ತು ರೇಲಿನ್‌ಗೆ ನಲವತ್ತನಾಲ್ಕು ಅಂಕ ಕೊಟ್ಟಳು. ಹದಿನಾಲ್ಕು ಸಲ ಚೆಂಡು ಕಸಿದಳು ಎಂದು ಹಾಕಿದಳು. ಹದಿನಾಲ್ಕು! ಆಟ ಬಲ್ಲ ಮೂರನೇ ಕ್ಲಾಸಿನ ಮಗು ಕೂಡ ನಗಬೇಕು. ಹವಾಮಾನದ ಸುದ್ದಿ ನೋಡಿಕೊಂಡು, 'ಹೊರಗೆ ಗಾಳಿ ಊಳಿಡುತ್ತಿದ್ದರೆ ಒಳಗೆ ಬೇರ್‌ಶೀಲ್ಡ್ ಎಂಬ ಬಿರುಗಾಳಿ ಎದ್ದಿತ್ತು' ಎಂದು ಒಂದು ಸಾಲು ಸೇರಿಸಿದಳು.

ಮಧ್ಯಾಹ್ನ ಕಳೆಯುವಷ್ಟರಲ್ಲಿ ಆ ಗಾಳಿ ನಿಜವಾಗಿಯೇ ಎದ್ದಿತು. ಹೆದ್ದಾರಿಗೆ ಅಡ್ಡಲಾಗಿ ಕಬ್ಬಿಣದ ಗೇಟು ಇಳಿಸಿದರು. ಬಸ್ಸಿನ ಮೂತಿ ಡ್ರೈವರಿಗೇ ಕಾಣದಾಯಿತು. ಹೆಸರು ಕೇಳದ ಒಂದು ಊರಿನ ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಅವರನ್ನೆಲ್ಲ ಇಳಿಸಿಕೊಂಡರು. ಆ ಊರಿನ ಹೆಂಗಸರು ಮಾಂಸದ ಮೇಲೆ ಆಲೂಗಡ್ಡೆ ಹರಡಿ ಬೇಯಿಸುವ ಹಾಟ್‌ಡಿಶ್ ಎಂಬ ಅಡುಗೆ ಮಾಡಿಕೊಂಡು ತಂದರು, ನೀರಿನಂಥ ಕಾಫಿ ಕೊಟ್ಟರು. ಫೋನಿನ ಕಂಬ ಬಿದ್ದು ಯಾರ ಫೋನೂ ಉಸಿರಾಡಲಿಲ್ಲ. ಎರಡು ರಾಜ್ಯದಲ್ಲಿ ಒಂದು ನಾಯಿಯೂ ಹೊರಗೆ ಕಾಲಿಡಲಿಲ್ಲ. ರೇಲಿನ್ ಚೆಂಡಿನ ಚೀಲವನ್ನು ದಿಂಬು ಮಾಡಿಕೊಂಡು ಗೊರಕೆ ಹೊಡೆದಳು.

ಮರುದಿನ ಗೇಟು ಎತ್ತಿ ಬಸ್ಸು ಊರ ಕಡೆ ತಿರುಗಿದ ಮೇಲೆ ಮಾರ್ಲಿಸಳ ಫೋನಿಗೆ ಜೀವ ಬಂತು. ಅವಳು ಕೂಗಿದ ಕೂಗಿಗೆ ಡ್ರೈವರ್ ಬ್ರೇಕು ತುಳಿದ.

"ಏನಾಯ್ತು ಆಂಟಿ?"

"ಹೋಗಿದೆ! ವರದಿ ಹೋಗಿಬಿಟ್ಟಿದೆ! ಆಟ ಆಡಿ ಗೆದ್ದು ಎಲ್ಲ ಆಗಿದೆ!"

ಫೋನು ಕೈಯಿಂದ ಕೈಗೆ ಹೋಗಿ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ರೇಲಿನ್ ಎರಡೆರಡು ಸಲ ಓದಿದಳು. "ಹದಿನಾಲ್ಕು ಸಲ ಕಸ್ಕೊಂಡ್ನಾ? ಎದುರಿಗೆ ಯಾರು ಆಂಟಿ ಆಡ್ತಿದ್ದಿದ್ದು, ಹಸುಗಳಾ?"

ಮಾರ್ಲಿಸ್ ಬಸ್ಸಿನಲ್ಲೇ ಕೂತು ಎಲ್ಲರಿಗೂ ತಿದ್ದುಪಡಿ ಕಳಿಸಿದಳು. ನಿನ್ನೆಯ ಆಟ ಹಿಮಗಾಳಿಯಿಂದ ರದ್ದಾಗಿದೆ, ಹಿಂದಿನ ವರದಿ ಕಣ್ತಪ್ಪಿನಿಂದ ಹೋಗಿದೆ, ಅಳಿಸಿಬಿಡಿ, ಕ್ಷಮಿಸಿ. ಕಳಿಸಿ ನಿಟ್ಟುಸಿರು ಬಿಟ್ಟಳು. ಯಾರೂ ಓದುವುದಿಲ್ಲ ಎಂಬ ಧೈರ್ಯವೂ ಇತ್ತು.

ಆ ಲೆಕ್ಕ ಅರ್ಧ ಮಾತ್ರ ಸರಿಯಾಯಿತು. ತಿದ್ದುಪಡಿಯನ್ನು ಯಾರೂ ಓದಲಿಲ್ಲ. ವರದಿಯನ್ನು ಒಬ್ಬ ಓದಿದ್ದ.

ಅವನ ಹೆಸರು ಪ್ರೆಸ್ಟನ್ ಲೇಥಮ್. ಓಟುದಾರರಲ್ಲೆಲ್ಲ ಹಿರಿಯ, ಅವನು ಬರೆದ ಹೆಸರನ್ನು ಉಳಿದ ಅರ್ಧ ಜನ ನಕಲು ಮಾಡುತ್ತಾರೆ. ಟೈ ಮೇಲೆ ಬಾಸ್ಕೆಟ್‌ಬಾಲಿನ ಚಿತ್ರ ಇರುವ ಮನುಷ್ಯ. ಅವನು ತನ್ನ ಅಂಕಣದಲ್ಲಿ ಬರೆದದ್ದನ್ನು ಮಾರ್ಲಿಸ್ ಬಾಯ್ಲರ್ ಕೋಣೆಯ ಪಕ್ಕದಲ್ಲಿ ಕೂತು ಓದಿದಳು. 'ಕಳೆದ ವಾರ ಡಕೋಟದ ಬಯಲಿನಲ್ಲಿ ಗಾಳಿ ಊಳಿಡುತ್ತಿದ್ದಾಗ ನಾನು ನಿದ್ದೆಗೆಟ್ಟು ಟಿ.ವಿ. ಮುಂದೆ ಕೂತಿದ್ದೆ. ಅದರ ಫಲವಾಗಿ ಕಂಡದ್ದು ಈ ವರ್ಷದ ಅತ್ಯುತ್ತಮ ಆಟ. ಮೂರನೆಯ ಕ್ವಾರ್ಟರಿನಲ್ಲಿ ಬೇರ್‌ಶೀಲ್ಡ್ ಚೆಂಡು ಕಸಿದ ಪರಿಯನ್ನು ಕಣ್ಣಾರೆ ಕಾಣದವರಿಗೆ ಹೇಳಿ ಪ್ರಯೋಜನವಿಲ್ಲ.'

ಮಾರ್ಲಿಸ್ ಮೂರನೆಯ ಕ್ವಾರ್ಟರಿನ ಬಗ್ಗೆ ಒಂದಕ್ಷರವನ್ನೂ ಬರೆದಿರಲಿಲ್ಲ. ಅದು ಅವನ ಸ್ವಂತ ಅಡುಗೆ.

ವಾರದೊಳಗೆ ಇನ್ನೂ ನಾಲ್ಕಾರು ಜನ ಆ ಆಟವನ್ನು ಕಣ್ಣಾರೆ ನೋಡಿಬಿಟ್ಟಿದ್ದರು. ಫ್ಲಾರಿಡದವನೊಬ್ಬ ಕೊನೆಯ ನಿಮಿಷದ ವರ್ಣನೆ ಬರೆದ. ಟಿ.ವಿ.ಯಲ್ಲಿ ಮೂವರು ಕೂತು ಆ ಹದಿನಾಲ್ಕರ ಬಗ್ಗೆ ವಾದ ಮಾಡಿದರು. ಒಬ್ಬ, ಎದುರು ತಂಡ ದುರ್ಬಲವಾಗಿತ್ತು ಎಂದ. ಇನ್ನೊಬ್ಬ, ಇಲ್ಲ, ನಾನು ನೋಡಿದ್ದೇನೆ, ಆ ತಂಡ ಚೆನ್ನಾಗಿಯೇ ಆಡಿತು ಎಂದ. ಕಾಲೇಜಿನ ವೆಬ್ ಪುಟ ತೆರೆದು ನೋಡಿದ್ದರೆ ಸಾಕಿತ್ತು, ಆ ಆಟದ ಮುಂದೆ 'ರದ್ದು' ಎಂದು ಬರೆದಿತ್ತು. ಆ ಮಹಾಶಯರಿಗೆ ಅಷ್ಟು ಬೆರಳು ಆಡಿಸುವುದೂ ಭಾರ.

ಮಾರ್ಲಿಸ್ ಲೇಥಮ್‌ಗೆ ಫೋನು ಮಾಡಿದಳು.

"ಕಾಟನ್‌ವುಡ್ ಕಾಲೇಜಾ? ಓಹೋ, ಬರ್ದಿದ್ದು ನೋಡಿದ್ರಾ? ಥ್ಯಾಂಕ್ಸ್ ಗೀಂಕ್ಸ್ ಏನೂ ಬೇಡಮ್ಮ. ನನ್ನ ಕರ್ತವ್ಯ."

"ಥ್ಯಾಂಕ್ಸ್ ಹೇಳೋಕೆ ಮಾಡಿಲ್ಲ ಸ್ವಾಮಿ. ಆ ಆಟ ನಡೀಲೇ ಇಲ್ಲ."

"ನಡೀಲಿಲ್ಲ ಅಂದ್ರೆ?"

"ನಡೀಲಿಲ್ಲ ಅಂದ್ರೆ ನಡೀಲಿಲ್ಲ. ನಾವು ಚರ್ಚಿನ ನೆಲಮಾಳಿಗೇಲಿ ಆಲೂಗಡ್ಡೆ ತಿಂತಾ ಕೂತಿದ್ವಿ. ತಿದ್ದುಪಡಿ ಕಳ್ಸಿದ್ನಲ್ಲ, ನೋಡ್ಲಿಲ್ವಾ?"

ಆ ಕಡೆ ಕಾಗದ ಸರಿಸಿದ ಸದ್ದು. ಆಮೇಲೆ ಗಂಟಲು ಸರಿಪಡಿಸಿಕೊಂಡ ಸದ್ದು. "ನೋಡಿಮ್ಮಾ, ನಿಮಗೆ ಮದುವೆ ಆಗೋ ಮುಂಚಿಂದ ನಾನು ಈ ಕೆಲ್ಸ ಮಾಡ್ತಿದೀನಿ. ಕಣ್ಣಾರೆ ನೋಡಿದೀನಿ. ತಾರೀಕು ಹಿಂದೆ ಮುಂದೆ ಆಗಿರ್ಬಹುದು."

"ನನಗೆ ಮದ್ವೇನೇ ಆಗಿಲ್ಲ. ಅವಳು ನಲವತ್ತನಾಲ್ಕು ಅಂಕ ಯಾವತ್ತೂ ಹೊಡ್ದಿಲ್ಲ. ಹಿಂದೇನೂ ಇಲ್ಲ, ಮುಂದೇನೂ ಇಲ್ಲ."

"ನೀವು ಆ ಹುಡುಗಿ ಪರಾನೋ, ವಿರುದ್ಧಾನೋ?" ಎಂದು ಕೇಳಿ ಅವನು ಫೋನು ಇಟ್ಟುಬಿಟ್ಟ.

ಅವಳು ರಿಸೀವರಿಗೆ ಹೇಳಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಬಾಯ್ಲರ್ ನೋಡಿಕೊಳ್ಳುವವನು ಬಾಗಿಲಲ್ಲಿ ತಲೆ ಹಾಕಿ, ನನಗಾ ಎಂದು ಕೇಳಿ ಹೋದ.

ಮತ್ತೊಂದು ತಿದ್ದುಪಡಿ ಬರೆಯಲು ಕೂತಾಗ ಕರ್ಟ್ ವೆಸ್ಟ್‌ಬಿ ಮೆಟ್ಟಿಲಿಳಿದು ಬಂದ. ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥ ಅವನೇ. ಬಾಯಿ ತುಂಬ ಸೂರ್ಯಕಾಂತಿ ಬೀಜ, ಕೈಯಲ್ಲಿ ಸಿಪ್ಪೆ ಉಗಿಯಲು ಕಾಗದದ ಲೋಟ. ಮಾರ್ಲಿಸಳೂ ಅವನೂ ಒಂದೇ ಹೈಸ್ಕೂಲಿನವರು. ಆಗಲೂ ಅವನು ಉಗಿಯುತ್ತಲೇ ಇದ್ದ.

"ಲೇಥಮ್ ಫೋನ್ ಮಾಡಿದ್ದ. ನಿಂಗೆ ತಲೆ ನೆಟ್ಟಗಿದೆಯಾ ಮಾರ್ಲಿಸ್?"

"ನಂದು ನೆಟ್ಟಗಿದೆ. ಅವನ ಕಣ್ಣು ತೋರಿಸ್ಕೋಬೇಕು."

"ಬಾಯಿ ಮುಚ್ಕೊಂಡಿರು. ಇನ್ನೊಂದು ಈಮೇಲ್ ಹೋಗ್ಕೂಡ್ದು. ಅವಳು ಆಲ್ ಅಮೆರಿಕನ್‌ಗೆ ಯೋಗ್ಯಳೋ ಅಲ್ವೋ? ನೀನೇ ಹೇಳು."

"ಯೋಗ್ಯಳೇ. ಆ ಐದು ಜನಕ್ಕಿಂತ ಮೊದಲು ಅವಳು."

"ಮತ್ತೆ? ನಾಲ್ಕು ವರ್ಷ ನಿಜ ಬರ್ದು ಕಳ್ಸಿದ್ಯಲ್ಲ, ಯಾವನಾದ್ರೂ ಮೂಸಿ ನೋಡಿದ್ನಾ? ಒಂದೇ ಒಂದು ಸುಳ್ಳು ಹೋಯ್ತು, ದೇಶವೇ ಎದ್ದು ಕೂತಿದೆ. ಈಗ ಅವ್ರ ಮುಖಕ್ಕೆ ಮಸಿ ಬಳಿದ್ರೆ ಅವ್ರು ನಿನಗೇನೂ ಮಾಡಲ್ಲ. ಹುಡುಗಿ ಹೆಸ್ರು ಹೊಡ್ದು ಹಾಕ್ತಾರೆ." ಅವನು ಲೋಟಕ್ಕೆ ಉಗಿದ. "ಅಂಗಿ ಮೇಲೆ ಹೋಗ್ಬೇಕೋ ಬೇಡ್ವೋ?"

ಮಾರ್ಲಿಸ್ ಕರ್ಟ್‌ನನ್ನು ಮೂವತ್ತು ವರ್ಷದಿಂದ ಮೂರ್ಖ ಎಂದು ತಿಳಿದಿದ್ದಳು. ಮೂರ್ಖನ ಬಾಯಲ್ಲಿ ಉತ್ತರವಿಲ್ಲದ ಮಾತು ಬಂದದ್ದು ಅವಳನ್ನು ಇನ್ನೂ ಕೆರಳಿಸಿತು. ಆದರೂ ಬರೆದದ್ದನ್ನು ಅಳಿಸಿದಳು. ಫೆಬ್ರವರಿಯೆಲ್ಲ ಬಾಯಿ ಮುಚ್ಚಿಕೊಂಡಿದ್ದಳು. ಆ ತಿಂಗಳು ಕಾಲೇಜಿನಲ್ಲಿ ಅವಳ ಕೈಲಿ ಬೈಸಿಕೊಳ್ಳದವರು ಕಡಿಮೆ.

ಓಟು ಹಾಕಲು ಒಂದು ವಾರವಿದ್ದಾಗ ರೇಲಿನ್ ಅವಳ ಆಫೀಸಿಗೆ ಬಂದು ಬಾಗಿಲು ಹಾಕಿಕೊಂಡು ಎದುರಿನ ಕುರ್ಚಿಯಲ್ಲಿ ಕೂತಳು.

"ಆಂಟಿ, ಅವರಿಗೆಲ್ಲ ನಿಜ ಹೇಳ್ಬಿಡಿ."

"ಯಾರು ಏನಂದ್ರು ನಿನಗೆ?"

"ಯಾರು ಏನನ್ಲಿಲ್ಲ ಕೇಳಿ. ಊರಿಗೆ ಹೋಗಿದ್ದೆ. ಪೆಟ್ರೋಲ್ ಬಂಕಲ್ಲಿ ನಮ್ಮ ಮಾವ ಎಲ್ಲರ ಮುಂದೆ ಕೂಗ್ತಾನೆ, 'ಬಂದ್ಲಪ್ಪಾ ನಲವತ್ತನಾಲ್ಕು! ಹಿಮದ ಗೊಂಬೆಗಳನ್ನ ನಿಲ್ಸಿಕೊಂಡು ಆಡಿದ್ಯಂತೆ? ಅವುಗಳಲ್ಲೂ ಒಂದು ನಿನಗಿಂತ ಎತ್ತರ ಇತ್ತಂತೆ?' ನನ್ನ ತಂಗಿ ಫೋನಲ್ಲಿ ನನ್ನ ಹೆಸ್ರು ತೆಗ್ದು 'ಬಿರುಗಾಳಿ' ಅಂತ ಹಾಕ್ಕೊಂಡಿದಾಳೆ. ಆವತ್ತು ಎಲ್ರೂ ಅವರವರ ಮನೇಲಿ ಹೂತು ಹೋಗಿದ್ರು ಆಂಟಿ, ಒಬ್ಬರನ್ನೂ ನಂಬಿಸೋಕಾಗಲ್ಲ. ನಾನು ಮುದುಕಿ ಆಗಿ ಸತ್ರೂ ಹೆಣದ ಮುಂದೆ ಇದನ್ನೇ ಹೇಳಿ ನಗ್ತಾರೆ."

"ನಗ್ಲಿ ಬಿಡೇ. ನಗು ಒಂದು ವರ್ಷ, ಅಂಗಿ ಈ ಜಿಮ್ಮು ಇರೋವರ್ಗೂ."

ಹುಡುಗಿ ನೆಲ ನೋಡಿದಳು. "ಅಜ್ಜಿ ಕೌದಿ ಹೊಲಿಯೋದು ನಿಲ್ಸಿದಾಳೆ."

ಮಾರ್ಲಿಸ್ ಲ್ಯಾಪ್‌ಟಾಪ್ ಮುಚ್ಚಿದಳು.

"ನಕ್ಷತ್ರದ ಒಂದು ಮೂಲೆ ಉಳ್ದಿದೆ ಅಷ್ಟೆ. ಮಡಚಿ ಪೆಟ್ಟಿಗೇಲಿ ಇಟ್ಟುಬಿಟ್ಟಿದಾಳೆ. 'ನೀನು ಆಡಿದ್ದಕ್ಕೆ ಹೊದಿಸ್ತೀನಿ ಮಗಾ, ಮಲಗಿದ್ದಕ್ಕೆ ಹೊದಿಸೋಕೆ ಮನೇಲಿ ಬೇರೆ ಕಂಬಳಿ ಇದೆ' ಅಂದ್ಲು." ರೇಲಿನ್ ನಗಲು ನೋಡಿದಳು, ಆಗಲಿಲ್ಲ. "ನವೆಂಬರಲ್ಲಿ ಆ ದೊಡ್ಡ ಕಾಲೇಜನ್ನ ಸೋಲಿಸಿದ್ವಲ್ಲ, ಆವತ್ತು ನಾನು ನಿಜವಾಗ್ಲೂ ಚೆನ್ನಾಗಿ ಆಡಿದ್ದೆ. ಅದರ ಬಗ್ಗೆ ಒಬ್ಬನೂ ಬರೀಲಿಲ್ಲ. ಅದನ್ನ ನೋಡಿ ಕೊಡೋದಾದ್ರೆ ಕೊಡ್ಲಿ, ಇಲ್ಲಾಂದ್ರೆ ಬೇಡ."

"ಹೆಸ್ರು ಹೊಡ್ದು ಹಾಕ್ತಾರೆ ರೇಲಿನ್."

"ಹಾಕ್ಲಿ. ಪಾರಿವಾಳಕ್ಕೆ ಜಾಗ ಆಯ್ತು."

ಮಾರ್ಲಿಸ್ ಅವತ್ತೇ ಬರೆದಳು. ಇಡೀ ಫೆಬ್ರವರಿಯ ಸಿಟ್ಟು ಬೆರಳಿಗೆ ಬಂದಿತ್ತು. 'ಮಾನ್ಯರೇ, ನೀವೆಲ್ಲ ಹೊಗಳಿದ ಜನವರಿಯ ಆ ಆಟ ನಡೆಯಲೇ ಇಲ್ಲ. ಆ ಅಂಕಿಗಳನ್ನು ನಾನು ಬಸ್ಸಿನಲ್ಲಿ ಕೂತು ಬಾಯಿಗೆ ಬಂದಂತೆ ಹಾಕಿದ್ದು. ಅದನ್ನು ಕಣ್ಣಾರೆ ನೋಡಿದವರು ದಯವಿಟ್ಟು ಡಾಕ್ಟರನ್ನು ಕಾಣಿ. ನವೆಂಬರಿನ ನಿಜವಾದ ಆಟದ ವಿಡಿಯೋ ಇದರ ಜತೆ ಇದೆ. ಓಟು ಹಾಕುವ ಮುಂಚೆ ಒಂದೇ ಒಂದು ಸಲ ನೋಡಿ. ನೋಡಿದ ಮೇಲೆ ಬೇಕಾದವರಿಗೆ ಹಾಕಿ.' ಕೆಳಗೆ ತನ್ನ ಪೂರ್ತಿ ಹೆಸರು ಹಾಕಿ ಎಲ್ಲರಿಗೂ ಕಳಿಸುವ ಗುಂಡಿ ಒತ್ತಿದಳು. ಕರ್ಟ್ ಕೆಲಸದಿಂದ ತೆಗೆಯುತ್ತಾನೆಂದು ಮೇಜಿನ ಮೇಲಿದ್ದ ತನ್ನ ಕಾಫಿ ಕಪ್ಪನ್ನು ಚೀಲಕ್ಕೆ ಹಾಕಿಕೊಂಡಳು.

ಏನೂ ಆಗಲಿಲ್ಲ. ವಿಡಿಯೋ ಎಷ್ಟು ಜನ ನೋಡಿದರು ಎಂದು ತೋರಿಸುವ ಜಾಗದಲ್ಲಿ ದಿನ ಕಳೆದರೂ ಒಂದು ಎಂದೇ ಇತ್ತು. ಆ ಒಂದು ಅವಳೇ. ಒಂದು ಉತ್ತರ ಬಂತು, ಒಹಾಯೊದ ಒಬ್ಬ ಓಟುದಾರನಿಂದ: 'ಥ್ಯಾಂಕ್ಸ್! ಅದ್ಭುತ ಆಟ. ನಾನೂ ನೋಡಿದೆ.'

ಮಾರ್ಚ್ ಮಧ್ಯದಲ್ಲಿ ಹೆಸರುಗಳು ಹೊರಬಿದ್ದವು. ರೇಲಿನ್ ಬೇರ್‌ಶೀಲ್ಡ್, ಆಲ್ ಅಮೆರಿಕನ್, ಮೊದಲ ಐವರಲ್ಲಿ ಒಬ್ಬಳು. ಕಾರಣವಾಗಿ ಬರೆದಿದ್ದ ಮೊದಲ ಸಾಲಿನಲ್ಲೇ ಆ ನಲವತ್ತನಾಲ್ಕು ಇತ್ತು. ಕರ್ಟ್ ಮೆಟ್ಟಿಲಿಳಿದು ಬಂದು ಮಾರ್ಲಿಸಳ ಬೆನ್ನು ತಟ್ಟಿದ. "ನೀನು ಆ ಕಾಗ್ದ ಕಳ್ಸಿದ್ದು ಗೊತ್ತಾಯ್ತು. ಆವತ್ತೇ ಕೆಲ್ಸದಿಂದ ತೆಗೀಬೇಕಿತ್ತು. ಯಾರೂ ಓದ್ಲಿಲ್ಲ, ನೀನು ಬದುಕಿಕೊಂಡೆ," ಎಂದ. ಇಷ್ಟು ವರ್ಷದ ನೌಕರಿಯಲ್ಲಿ ಅವಳಿಗೆ ಸಿಕ್ಕ ದೊಡ್ಡ ಹೊಗಳಿಕೆ ಅದೇ.

ಅಂಗಿ ಏರಿಸುವ ದಿನ ಜಿಮ್ಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಶ್ಚಿಮದಿಂದ ರೇಲಿನ್‌ಳ ಜನ ಸಾಲುಸಾಲು ಗಾಡಿಗಳಲ್ಲಿ ಬಂದಿದ್ದರು. ಊರಿನ ರೈತರು, ಅಂಗಡಿಯವರು, ಚರ್ಚಿನವರು, ಎಲ್ಲ ಇದ್ದರು. ಡೆಲ್ಫಿನ್ ತನ್ನ ಮೂರನೆಯ ಸಾಲಿನಲ್ಲಿ ಕೂತಿದ್ದಳು, ಕಾಲ ಬಳಿ ಒಂದು ಪ್ಲಾಸ್ಟಿಕ್ ಚೀಲ. ಮುಖ ನೋಡಿದರೆ ಯಾರನ್ನೋ ಬೈಯಲು ಬಂದವಳ ಹಾಗಿತ್ತು. ತೊಲೆಯಿಂದ ಇಳಿದ ಹಗ್ಗದ ತುದಿಯಲ್ಲಿ ಮಡಚಿದ ಅಂಗಿ ಕಟ್ಟಿತ್ತು. ಓಟುದಾರರ ಪರವಾಗಿ ಫಲಕ ಕೊಡಲು ಪ್ರೆಸ್ಟನ್ ಲೇಥಮ್ ವಿಮಾನದಲ್ಲಿ ಬಂದಿದ್ದ, ಬಾಸ್ಕೆಟ್‌ಬಾಲಿನ ಟೈ ಕಟ್ಟಿಕೊಂಡು.

ಅವನು ಮೈಕು ಹಿಡಿದ. "ಸ್ನೇಹಿತರೇ, ನನಗೆ ಆ ಜನವರಿಯ ಆಟ ನಿನ್ನೆ ನೋಡಿದ ಹಾಗಿದೆ. ಹೊರಗೆ ಗಾಳಿ, ಹಿಮ. ಒಳಗೆ ಕಿಕ್ಕಿರಿದ ಜನ..."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಒಬ್ಬ ರೈತ ಪಕ್ಕದವನಿಗೆ ಹೇಳಿದ್ದು ಎಲ್ಲರಿಗೂ ಕೇಳಿತು: "ಆವತ್ತು ನಾನು ಕರುಗಳನ್ನ ಅಡುಗೆಮನೇಲಿ ಕಟ್ಟಿದ್ದೆ."

"ನನ್ನ ಸೊಸೆ ಅಗ್ನಿಶಾಮಕದವರ ಶೆಡ್ಡಲ್ಲಿ ಹೆತ್ಲು," ಎಂದಳು ಇನ್ನೊಬ್ಬಳು.

"ಜನ ಎದ್ದು ನಿಂತು ಕುಣಿದರು!" ಎಂದ ಲೇಥಮ್.

ಮೊದಲು ನಕ್ಕವಳು ಡೆಲ್ಫಿನ್. ಅವಳದು ಹಲ್ಲಿಲ್ಲದ ದೊಡ್ಡ ನಗು. ಅದು ಸಾಲಿಂದ ಸಾಲಿಗೆ ಹತ್ತಿಕೊಂಡು ಇಡೀ ಜಿಮ್ಮು ನಗಲು ಶುರುಮಾಡಿತು. ಜನ ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ನಕ್ಕರು. ಲೇಥಮ್‌ಗೆ ಖುಷಿಯಾಯಿತು. ತನ್ನ ಮಾತು ನಾಟುತ್ತಿದೆ ಎಂದುಕೊಂಡು ಅವನು ಮೂರನೆಯ ಕ್ವಾರ್ಟರಿಗೆ ಬಂದ. ಕೈಯಾಡಿಸಿ ತೋರಿಸಿದ. ಅವನು ಒಂದೊಂದು ಸಲ ಚೆಂಡು ಕಸಿದಾಗಲೂ ಜನ ಕಣ್ಣೊರೆಸಿಕೊಂಡರು. ಕರ್ಟ್ ಮಾತ್ರ ಲೋಟದಲ್ಲಿ ಮುಖ ಇಟ್ಟುಕೊಂಡು ಕೂತಿದ್ದ. ಮಾರ್ಲಿಸ್ ಗೋಡೆಗೆ ಒರಗಿ ನಿಂತಿದ್ದಳು. ಅವಳಿಗೆ ನಗು ಬರಲಿಲ್ಲ. ಈ ಟೈ ಕಟ್ಟಿದ ಪ್ರಾಣಿಯ ಕೈಯಿಂದ ಆ ಹುಡುಗಿ ಫಲಕ ತಗೊಳ್ಳಬೇಕಲ್ಲ ಎಂದು ಹಲ್ಲು ಕಡಿಯುತ್ತಿದ್ದಳು.

ರೇಲಿನ್ ಎದ್ದು ಹೋಗಿ ಫಲಕ ತೆಗೆದುಕೊಂಡಳು. ಮೈಕನ್ನೂ ತೆಗೆದುಕೊಂಡಳು.

"ಲೇಥಮ್ ಸರ್, ಒಂದು ಮಾತು ಕೇಳ್ಲಾ? ನಾನು ಯಾವ ಕೈಲಿ ಹೊಡೀತೀನಿ?"

ಅವನು ನಕ್ಕ. "ಇದೇನಮ್ಮಾ ಪ್ರಶ್ನೆ. ಬಲಗೈಲಿ!"

"ಎಡಗೈ!" ಎಂದು ಮುಂದೆ ನೆಲದ ಮೇಲೆ ಕೂತಿದ್ದ ಚಿಳ್ಳೆಪಿಳ್ಳೆಗಳೆಲ್ಲ ಒಟ್ಟಿಗೆ ಕಿರುಚಿದವು.

ಈ ಸಲ ಯಾರೂ ನಗಲಿಲ್ಲ. ಲೇಥಮ್ ಕರ್ಟ್ ಕಡೆ ನೋಡಿದ. ಕರ್ಟ್ ಛಾವಣಿ ನೋಡಿದ.

"ಆವತ್ತು ನಾನು ಆಡ್ಲಿಲ್ಲ," ಎಂದಳು ರೇಲಿನ್. "ಚರ್ಚಲ್ಲಿ ಚೆಂಡಿನ ಚೀಲದ ಮೇಲೆ ಮಲಗಿದ್ದೆ. ನಿಮಗೆಲ್ಲ ಗೊತ್ತು. ಈ ಫಲಕ ಆ ನಿದ್ದೆಗೆ ಬಂದಿದ್ದು." ಅದನ್ನು ಲೇಥಮ್‌ನ ಮುಂದಿನ ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. "ಆದ್ರೆ ಉಳಿದ ಆಟ ಎಲ್ಲ ಇಲ್ಲೇ ಆಡಿದೀನಿ. ನೀವು ನೋಡಿದೀರಿ. ಕೆಟ್ಟದಾಗಿ ಆಡಿದಾಗ ನೀವೇ ಬೈದಿದೀರಿ. ನೀವು ಎಳಿ ಅಂದ್ರೆ ಹಗ್ಗ ಎಳೀತೀನಿ. ಬೇಡ ಅಂದ್ರೆ ಅಂಗಿ ಮನೆಗೆ ತಗೊಂಡು ಹೋಗ್ತೀನಿ, ಒಗೀಬೇಕು ಹೇಗಿದ್ರೂ."

ತೊಲೆಯ ಮೇಲೆ ಪಾರಿವಾಳವೊಂದು ರೆಕ್ಕೆ ಕೊಡವಿದ್ದು ಕೇಳಿತು. ಎಲ್ಲರ ಕಣ್ಣೂ ಮೂರನೆಯ ಸಾಲಿಗೆ ಹೋಯಿತು.

ಡೆಲ್ಫಿನ್ ಪ್ಲಾಸ್ಟಿಕ್ ಚೀಲವನ್ನು ಎತ್ತಿಕೊಂಡು, ಮುಂದಿನ ಸಾಲಿನವರ ಹೆಗಲು ಹಿಡಿದುಕೊಂಡು, ಒಬ್ಬೊಬ್ಬರನ್ನೂ ಬೈಯುತ್ತ ಇಳಿದು ಬಂದಳು. ಚೀಲದಿಂದ ಕೌದಿ ಹೊರಬಂತು. ಕೆಂಪು, ಹಳದಿ, ನೀಲಿ ನಕ್ಷತ್ರ; ಒಂದು ಮೂಲೆ ಇನ್ನೂ ಹಸಿ ಹೊಲಿಗೆಯದು, ದಾರ ನೇತಾಡುತ್ತಿತ್ತು, ಸೂಜಿಯೂ ಅಲ್ಲೇ ಇತ್ತು. ಅದನ್ನು ಮೊಮ್ಮಗಳ ಹೆಗಲಿಗೆ ಹಾಕಿ ಎಳೆದು ಬಿಗಿ ಮಾಡಿದಳು.

"ಸೂಜಿ ಇದೆ, ಹುಷಾರು," ಎಂದಳು. "ಈಗ ಎಳಿ ಹಗ್ಗಾನ. ಎಷ್ಟು ಹೊತ್ತು ನಿಲ್ಲಿಸ್ತೀಯೇ, ನನ್ನ ಮಂಡಿ ನೋಯುತ್ತೆ."

ರೇಲಿನ್ ಎಡಗೈಯಿಂದ ಎಳೆದಳು. ಅಂಗಿ ಒಂದೇ ಸಮನೆ ಏರಲಿಲ್ಲ. ರಾಟೆ ತುಕ್ಕು ಹಿಡಿದಿತ್ತು. ಕಾಲೇಜು ಶುರುವಾದಾಗಿನಿಂದ ಯಾರೂ ತಿರುಗಿಸಿರಲಿಲ್ಲ. ಪೆಟ್ರೋಲ್ ಬಂಕಿನ ಮಾವ ಹಾರಿ ಬಂದು ಹಗ್ಗಕ್ಕೆ ಕೈ ಹಾಕಿದ. ಕರುಗಳನ್ನು ಅಡುಗೆಮನೆಯಲ್ಲಿ ಕಟ್ಟಿದ್ದ ರೈತನೂ ಬಂದ. ಎಳೆದಷ್ಟೂ ಅಂಗಿ ಕುಪ್ಪಳಿಸುತ್ತ ಮೇಲೆ ಹೋಯಿತು, ಪಾರಿವಾಳ ಎದ್ದು ಹಾರಿತು. ಅಷ್ಟು ಗಲಾಟೆಯಲ್ಲೂ ಮಾರ್ಲಿಸಳಿಗೆ ಅಜ್ಜಿ ರಾಟೆಯನ್ನು ಬೈಯುವುದು ಕೇಳುತ್ತಿತ್ತು.

ಲೇಥಮ್ ಅಷ್ಟರಲ್ಲಿ ವಿಮಾನಕ್ಕೆ ಹೊತ್ತಾಯಿತೆಂದು ಹೊರಟಿದ್ದ. ಫಲಕ ಮೇಜಿನ ಮೇಲೆಯೇ ಉಳಿಯಿತು. ಈಗ ಬಾಯ್ಲರ್ ಕೋಣೆಯ ಬಾಗಿಲು ಗಾಳಿಗೆ ಬಡಿಯದಂತೆ ಅದನ್ನೇ ಒತ್ತಿಟ್ಟಿದ್ದಾರೆ. ಭಾರವಾಗಿದೆ, ಚೆನ್ನಾಗಿ ನಿಲ್ಲುತ್ತದೆ.

ಮುಂದಿನ ವಾರ ಮಾರ್ಲಿಸ್ ಅವನ ಅಂಕಣ ತೆರೆದಳು. ನಾಚಿಕೊಂಡು ಎರಡು ಸಾಲಾದರೂ ಬರೆದಿರುತ್ತಾನೆ, ಇಲ್ಲವೇ ಹುಡುಗಿಯ ಮೇಲೆ ಹಗೆ ಕಾರಿರುತ್ತಾನೆ ಎಂದುಕೊಂಡಿದ್ದಳು. ಅವನು ಎರಡನ್ನೂ ಮಾಡಿರಲಿಲ್ಲ. 'ಡಕೋಟದ ಸರಳ ಜನ ನನ್ನ ಮಾತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು,' ಎಂದು ಬರೆದಿದ್ದ. 'ಹುಡುಗಿಯ ವಿನಯ ನೋಡಿ. ತಾನು ಆಡಿಯೇ ಇಲ್ಲ ಎಂದಳು! ಫಲಕವನ್ನು ಗೌರವದಿಂದ ನನ್ನ ಮುಂದಿಟ್ಟಳು. ಆಮೇಲೆ ಆ ಅಮೋಘವಾದ ಬಲಗೈಯಿಂದ ಹಗ್ಗ ಎಳೆದಳು.'

ಮಾರ್ಲಿಸ್ ತಿದ್ದುಪಡಿ ಬರೆಯಲು ಕೀಲಿಮಣೆ ಎಳೆದುಕೊಂಡಳು. 'ಮಾನ್ಯರೇ' ಎಂದು ಹೊಡೆದಳು. ಆಮೇಲೆ ಅಷ್ಟನ್ನೂ ಅಳಿಸಿ, ಕೋಟು ಹಾಕಿಕೊಂಡು, ರಾಟೆಗೆ ಎಣ್ಣೆ ಹಾಕುವವನನ್ನು ಹುಡುಕಿಕೊಂಡು ಮೇಲೆ ಹೋದಳು.